ಕಬ್ಬಿನ ಬಂಡಿಯ ಹಿಂದಿನ ದೀಪ

ದೀಪಾವಳಿಯು ಕಳೆದು ಕಾರ್ತಿಕದ ಚಳಿಯು ಮೆಲ್ಲನೆ ತಲೆದೋರುವ ಹೊತ್ತಿಗೆ ಹಳಿಯಾಳದ ಸೀಮೆಯಲ್ಲಿ ಕಬ್ಬಿನ ಕಟಾವು ಭರದಿಂದ ಸಾಗಿರುತ್ತದೆ. ಸಕ್ಕರೆಯ ಕಾರ್ಖಾನೆಯು ಒಮ್ಮೆ ಕಬ್ಬು ನುರಿಸಲಾರಂಭಿಸಿತೆಂದರೆ ಅದಕ್ಕೆ ಹಗಲಿರುಳೆಂಬ ಭೇದವಿಲ್ಲ. ಅದರ ಬಾಯಿಗೆ ಕಬ್ಬನ್ನು ಹೊತ್ತು ತರುವ ಟ್ರಾಕ್ಟರುಗಳಿಗೂ ಆ ಭೇದವಿಲ್ಲ. ಅದೇ ತಿಂಗಳುಗಳಲ್ಲಿ ಮುಂಡಗೋಡದ ಕಡೆಯಲ್ಲಿ ಬತ್ತವೂ ಗೋವಿನಜೋಳವೂ ಕಣದಿಂದ ಮನೆಗೆ, ಮನೆಯಿಂದ ಪೇಟೆಗೆ ಸಾಗುತ್ತವೆ. ದಾಂಡೇಲಿಯ ದಾರಿಯಲ್ಲಿ ಕಾಗದದ ಕಾರ್ಖಾನೆಯ ಲಾರಿಗಳ ಸಂಚಾರವಂತೂ ವರ್ಷವೆಲ್ಲ ಇದ್ದೇ ಇದೆ. ಜೋಯಿಡಾದ ಕಾಡುದಾರಿಗಳಲ್ಲಿ ಮರಗಳು ಮೇಲೆ ಒಂದಕ್ಕೊಂದು ಕೈಕೂಡಿಸಿ ನಿಂತಿರುವುದರಿಂದ ಸಂಜೆಯು ಬಯಲುಸೀಮೆಗಿಂತ ಮುಂಚೆಯೇ ಇಳಿಯುವುದು. ಮುಂಜಾವಿನ ಮಂಜು ಬಿಸಿಲೇರುವ ತನಕ ಕರಗದು. ಇಂತಹ ನಾಡಿನಲ್ಲಿ, ಇಂತಹ ಕಾಲದಲ್ಲಿ, ಟ್ರಾಕ್ಟರಿನ ಹಿಂದೆ ಎಳೆಯಲ್ಪಡುವ ಬಂಡಿಯ ಬೆನ್ನಿನ ಮೇಲೆ ಎರಡು ಕೆಂಪು ದೀಪಗಳು ಉರಿಯುತ್ತಿವೆಯೋ ಇಲ್ಲವೋ ಎಂಬುದು ಸಣ್ಣ ಪ್ರಶ್ನೆಯಲ್ಲ. ಎಷ್ಟು ಬಂಡಿಗಳ ದೀಪವು ನೆಟ್ಟಗಿದೆಯೆಂಬುದನ್ನು ವಾಚಕರು ಒಂದು ಸಂಜೆ ರಸ್ತೆಯ ಬದಿಗೆ ನಿಂತು ತಾವೇ ಎಣಿಸಿ ನೋಡಬಹುದು.

ಲೆಕ್ಕವನ್ನೇ ಹಾಕೋಣ. ಗಂಟೆಗೆ ೬೦ ಕಿಲೋಮೀಟರು ವೇಗದಿಂದ ಬರುವ ಮೋಟಾರು ಸೈಕಲ್ಲು ಒಂದು ಸೆಕೆಂಡಿಗೆ ಸುಮಾರು ೧೭ ಮೀಟರು ನೆಲವನ್ನು ನುಂಗುವುದು. ಮುಂದೆ ಏನೋ ಕಪ್ಪಾಗಿ ನಿಂತಿದೆಯೆಂದು ಕಣ್ಣು ಕಂಡು, ಮನಸ್ಸು ತಿಳಿದು, ಕೈಕಾಲುಗಳು ಬ್ರೇಕನ್ನು ಹಿಡಿಯುವಷ್ಟರಲ್ಲಿ ಒಂದೂವರೆ ಸೆಕೆಂಡು ಹೋಗುವುದು. ಅಂದರೆ ೨೫ ಮೀಟರು ದಾರಿಯು ಅಷ್ಟಕ್ಕೇ ಸಲ್ಲುವುದು. ಆಮೇಲೆ ಗಾಡಿಯು ನಿಲ್ಲುವುದಕ್ಕೆ ಮತ್ತೆ ೨೦ ಮೀಟರಿಗೆ ಕಡಿಮೆಯಿಲ್ಲದಷ್ಟು ದಾರಿಯು ಬೇಕು. ಎದುರಿನಿಂದ ಬರುವವರ ಕಣ್ಣು ಕೋರೈಸದಿರಲೆಂದು ತಗ್ಗಿಸಿದ ಮುಂದೀಪದ ಬೆಳಕು ಅಷ್ಟು ದೂರವನ್ನು ತೋರಿಸಿದರೆ ಅದೇ ಪುಣ್ಯ. ಕಬ್ಬಿನ ಬಂಡಿಯ ಹಿಂಭಾಗವಾದರೋ ಬೆಳಕನ್ನು ಹಿಂದಿರುಗಿಸುವ ವಸ್ತುವಲ್ಲ; ಒಣ ರವದಿಯೂ ಮಣ್ಣು ಮೆತ್ತಿದ ಕಬ್ಬಿಣವೂ ಬೆಳಕನ್ನು ಕುಡಿದು ಸುಮ್ಮನಾಗುವುವು. ಸವಾರನಿಗೆ ಬಂಡಿಯು ಕಾಣುವ ಹೊತ್ತಿಗೆ ಅವನ ಪಾಲಿನ ಕಾಲವೆಲ್ಲ ತೀರಿಹೋಗಿರುತ್ತದೆ. ಮಿಣುಕುವ ಎರಡು ಕೆಂಪು ದೀಪಗಳಿದ್ದಲ್ಲಿ ಅವನಿಗೆ ಅದೇ ಬಂಡಿಯು ನೂರೈವತ್ತು ಮೀಟರಿನಾಚೆಯೇ ಕಾಣುತ್ತಿತ್ತು, ಯೋಚಿಸುವುದಕ್ಕೆ ಒಂಬತ್ತು ಸೆಕೆಂಡುಗಳು ದೊರೆಯುತ್ತಿದ್ದವು.

ಈ ನೂರೈವತ್ತು ಮೀಟರು ನಮ್ಮ ಕಲ್ಪನೆಯದಲ್ಲ. ೧೯೮೯ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ ಹಿಂದಿನ ಕೆಂಪು ದೀಪಗಳು ೧೫೫ ಮೀಟರು ದೂರದಿಂದ ಕಾಣಬೇಕೆಂದೂ, ನೋಂದಣಿಯ ಸಂಖ್ಯೆಯ ಮೇಲೆ ಬಿಳಿಯ ಬೆಳಕು ಬಿದ್ದು ಅದು ೧೫ ಮೀಟರಿನಿಂದ ಓದಲು ಬರಬೇಕೆಂದೂ ಸ್ಪಷ್ಟವಾಗಿ ಹೇಳಿದೆ. ಸೂರ್ಯಾಸ್ತವಾದ ಅರ್ಧ ಗಂಟೆಯಿಂದ ಸೂರ್ಯೋದಯಕ್ಕೆ ಅರ್ಧ ಗಂಟೆಯಿರುವ ತನಕ ದೀಪಗಳು ಉರಿಯುತ್ತಿರಬೇಕು. ನಿಯಮವು ಹೊಸದಾದರೂ ಬುದ್ಧಿಯು ಹಳೆಯದು. ನಮ್ಮ ಹಿರಿಯರು ಎತ್ತಿನ ಗಾಡಿಯನ್ನು ಕಟ್ಟಿ ರಾತ್ರಿಯ ಪ್ರಯಾಣಕ್ಕೆ ಹೊರಟಾಗ ಅಚ್ಚಿನ ಕೆಳಗೆ ಕಂದೀಲನ್ನು ತೂಗಹಾಕದೆ ಹೊರಡುತ್ತಿರಲಿಲ್ಲ. ಆ ಕಂದೀಲಿಗೆ ತಂತಿಯಿರಲಿಲ್ಲ, ಫ್ಯೂಜಿರಲಿಲ್ಲ. ಎಣ್ಣೆಯಿದ್ದು ಬತ್ತಿಯಿದ್ದರೆ ಅದು ಉರಿಯಲೇಬೇಕು. ಈಗಿನ ದೀಪವು ಅಷ್ಟು ಸರಳವಲ್ಲವೆಂಬುದೇ ತೊಡಕು. ಅದು ಕೆಟ್ಟರೆ ಯಾತಕ್ಕೆ ಕೆಟ್ಟಿತೆಂಬುದು ಹೊರಗಿನಿಂದ ಕಾಣುವುದಿಲ್ಲ. ಕಾಣದ್ದನ್ನು ಹುಡುಕುವುದಕ್ಕಿಂತ ಕತ್ತಲೆಯಲ್ಲಿಯೇ ಹೋಗುವುದು ಸುಲಭವೆಂದು ಜನರು ಹೋಗಿಬಿಡುತ್ತಾರೆ.

ಆದರೆ ಹುಡುಕುವ ಕ್ರಮವನ್ನು ಬಲ್ಲವರಿಗೆ ಇದು ಅರ್ಧ ಗಂಟೆಯ ಕೆಲಸ. ಸಾಮಾನ್ಯವಾಗಿ ನಡೆಯುವುದೇನೆಂದರೆ, ದೀಪವು ಉರಿಯದಿದ್ದರೆ ಮೊದಲು ಬಲ್ಬನ್ನು ಬದಲಿಸುವುದು. ಹೊಸ ಬಲ್ಬೂ ಉರಿಯದಿದ್ದರೆ ಇನ್ನೊಂದು ತಂತಿಯನ್ನು ಎಳೆಯುವುದು. ಅದಕ್ಕೂ ಆಗದಿದ್ದರೆ ವಾಹನವನ್ನೇ ಶಪಿಸುವುದು. ಬಲ್ಬು ಕೆಡುವುದುಂಟು, ಇಲ್ಲವೆನ್ನುವುದಿಲ್ಲ. ಆದರೆ ಎಳೆಯುವ ಬಂಡಿಗಳ ದೀಪದ ರೋಗಗಳಲ್ಲಿ ಬಹುಪಾಲಿನ ಮೂಲವು ಬಲ್ಬಿನಲ್ಲಿಲ್ಲ, ವಿದ್ಯುತ್ತು ದೀಪಕ್ಕೆ ಬರುವ ದಾರಿಯಲ್ಲಿಯೂ ಇಲ್ಲ. ಅದು ದೀಪದಿಂದ ಬ್ಯಾಟರಿಗೆ ಹಿಂದಿರುಗುವ ದಾರಿಯಲ್ಲಿದೆ. ಮಿಸ್ತ್ರಿಗಳು ಇದನ್ನು ಅರ್ಥಿಂಗೆಂದು ಕರೆಯುತ್ತಾರೆ. ನಾವು ಇಲ್ಲಿ ಮರುದಾರಿಯೆನ್ನೋಣ.

ಗದ್ದೆಗೆ ನೀರು ಹಾಯಿಸುವವರಿಗೆ ಇದು ಹೊಸ ಮಾತಲ್ಲ. ಮೇಲಿನ ಗದ್ದೆಯಿಂದ ನೀರು ಬಂದರೆ ಸಾಲದು, ಕೆಳಗಣ ತೂಬು ತೆರೆದಿರಬೇಕು. ತೂಬು ಕಟ್ಟಿದರೆ ನೀರು ಅಲ್ಲಿಯೇ ನಿಂತು, ಸಾಧ್ಯವಾದರೆ ಬದುವನ್ನು ಹಾಯ್ದು ನೆರೆಯವನ ಗದ್ದೆಗೆ ನುಗ್ಗುವುದು. ವಿದ್ಯುತ್ತಿನ ನಡೆಯೂ ಹೀಗೆಯೇ. ಟ್ರಾಕ್ಟರಿನ ೧೨ ವೋಲ್ಟಿನ ಬ್ಯಾಟರಿಯ ಧನ ತುದಿಯಿಂದ ಹೊರಟ ಪ್ರವಾಹವು ಫ್ಯೂಜನ್ನು, ಗುಂಡಿಯನ್ನು, ತಂತಿಯನ್ನು ದಾಟಿ ಬಲ್ಬಿನೊಳಗಣ ಎಳೆಯನ್ನು ಕಾಯಿಸಿ ಋಣ ತುದಿಗೆ ಮರಳಲೇಬೇಕು. ಹೋಗುವುದಕ್ಕೆ ಬಣ್ಣಬಣ್ಣದ ತಂತಿಗಳಿವೆ. ಮರಳುವುದಕ್ಕೆ ಬಹುಮಟ್ಟಿಗೆ ಬಂಡಿಯ ಕಬ್ಬಿಣದ ಮೈಯನ್ನೇ ದಾರಿಯಾಗಿ ಬಳಸಿಕೊಂಡಿರುತ್ತಾರೆ. ಆ ಮೈಗೆ ತುಕ್ಕು ಹಿಡಿದರೆ, ಬಣ್ಣ ಬಳಿದರೆ, ಮಣ್ಣು ಮೆತ್ತಿದರೆ ದಾರಿಯು ಮುಚ್ಚಿತು. ಆಗ ಪ್ರವಾಹವು ಬದುವನ್ನು ಹಾಯುವ ನೀರಿನಂತೆ ಬೇರೆ ಬಲ್ಬುಗಳ ಎಳೆಗಳ ಮೂಲಕ ಅಡ್ಡದಾರಿಯನ್ನು ಹುಡುಕುವುದು. ದೀಪಗಳು ಭೂತ ಮೆಟ್ಟಿದಂತೆ ವರ್ತಿಸತೊಡಗುವುವು.

ಈ ಭೂತದ ಲಕ್ಷಣಗಳನ್ನು ಒಮ್ಮೆ ತಿಳಿದುಕೊಂಡರೆ ಮತ್ತೆ ಮೋಸಹೋಗುವ ಪ್ರಸಂಗವಿಲ್ಲ. ಎಡಗಡೆಯ ಸೂಚಕದೀಪವನ್ನು ಹಾಕಿದರೆ ಬಲಗಡೆಯ ಕೆಂಪು ದೀಪವೂ ಅದರ ತಾಳಕ್ಕೆ ಮಿಣುಕುವುದು. ಕೆಂಪು ದೀಪಗಳು ಉರಿಯುತ್ತವೆ, ಆದರೆ ಬೂದಿ ಮುಚ್ಚಿದ ಕೆಂಡದಂತೆ ಮಂಕಾಗಿ. ಎಲ್ಲಕ್ಕಿಂತಲೂ ವಿಚಿತ್ರವಾದುದು, ಬ್ರೇಕನ್ನು ಒತ್ತಿದಾಗ ಹೆಚ್ಚು ಬೆಳಗಬೇಕಾದ ದೀಪವು ಪೂರ್ತಿ ಆರಿಹೋಗುವುದು. ಇದರ ಕಾರಣವು ಸ್ವಾರಸ್ಯವಾಗಿದೆ. ಬಂಡಿಯ ಮರುದಾರಿಯು ಪೂರ್ತಿ ಕಡಿದಾಗ ಕೆಂಪು ದೀಪದ ಪ್ರವಾಹವು ಬಂಡಿಯ ಬ್ರೇಕುದೀಪದ ಎಳೆಯನ್ನು ಹಿಂದುಮುಂದಾಗಿ ಹಾಯ್ದು, ಬ್ರೇಕಿನ ತಂತಿಯ ಮೂಲಕ ಟ್ರಾಕ್ಟರಿಗೆ ಮರಳಿ, ಟ್ರಾಕ್ಟರಿನ ಸ್ವಂತ ಬ್ರೇಕುದೀಪದ ಮೂಲಕ ಮನೆ ಸೇರುತ್ತಿರುತ್ತದೆ. ಇಷ್ಟು ಸುತ್ತಿ ಬರುವುದರಿಂದಲೇ ಆ ಮಂಕುತನ. ಬ್ರೇಕನ್ನು ಒತ್ತಿದ ಕೂಡಲೆ ಆ ತಂತಿಗೆ ಎದುರಿನಿಂದ ೧೨ ವೋಲ್ಟು ಬಂದು ನಿಲ್ಲುವುದರಿಂದ ಆ ಕಳ್ಳದಾರಿಯೂ ಮುಚ್ಚಿಹೋಗುವುದು. ಹಿಂದಿನವನಿಗೆ ಎಚ್ಚರಿಕೆಯು ಅತ್ಯಂತ ಅವಶ್ಯವಾದ ಕ್ಷಣದಲ್ಲಿಯೇ ಬಂಡಿಯು ಮಾಯವಾಗುವುದೆಂದರೆ ಇದಕ್ಕಿಂತ ಕೇಡಿನ ದೋಷವು ಇನ್ನೊಂದಿಲ್ಲ.

ಇಂತಹ ಲಕ್ಷಣವು ಕಂಡರೆ ಬಲ್ಬಿಗೆ ಕೈಹಾಕಬಾರದು. ಒಂದು ಉದ್ದವಾದ ತಂತಿಯನ್ನು ತೆಗೆದುಕೊಂಡು ಅದರ ಒಂದು ತುದಿಯನ್ನು ಟ್ರಾಕ್ಟರಿನ ಬ್ಯಾಟರಿಯ ಋಣ ತುದಿಗೋ, ಎಂಜಿನ್ನಿನ ಹೊಳೆಯುವ ಬರಿಯ ಲೋಹಕ್ಕೋ ಗಟ್ಟಿಯಾಗಿ ಸಿಕ್ಕಿಸಿ, ಇನ್ನೊಂದು ತುದಿಯನ್ನು ಬಂಡಿಯ ಹಿಂದಿನ ದೀಪದ ತಳದ ಲೋಹಕ್ಕೆ ಮುಟ್ಟಿಸಿ ನೋಡಬೇಕು. ದೀಪಗಳು ಒಮ್ಮೆಲೆ ಸರಿಯಾಗಿ ಬೆಳಗಿದರೆ ರೋಗನಿರ್ಣಯವು ಮುಗಿಯಿತು. ಈ ತಂತಿಯು ಧನ ತುದಿಗೆ ಮಾತ್ರ ತಗಲದಂತೆ ನೋಡಿಕೊಳ್ಳಬೇಕು. ತಗಲಿದರೆ ಕಿಡಿಯೆದ್ದು ತಂತಿಯು ಕೈಯಲ್ಲಿಯೇ ಕಾಯುವುದು.

ಮರುದಾರಿಯು ಎಲ್ಲಿ ಕಡಿದಿರಬಹುದು? ನಮ್ಮ ಕಡೆಯ ಬಂಡಿಗಳಲ್ಲಿ ಮೊದಲು ಅನುಮಾನಿಸಬೇಕಾದ ಸ್ಥಳವು ಕೊಂಡಿಯ ಮೊಳೆ. ಹಲವು ಬಂಡಿಗಳಿಗೆ ಪ್ರತ್ಯೇಕ ಮರುತಂತಿಯೇ ಇಲ್ಲ. ಟ್ರಾಕ್ಟರಿನ ಕೊಂಡಿಗೂ ಬಂಡಿಯ ಬಳೆಗೂ ನಡುವೆ ಇರುವ ಆ ದಪ್ಪ ಮೊಳೆಯ ಸ್ಪರ್ಶವನ್ನೇ ನಂಬಿಕೊಂಡಿರುತ್ತಾರೆ. ಆ ಮೊಳೆಗೆ ಸವೆಯದಿರಲೆಂದು ಗ್ರೀಸು ಬಳಿದಿರುತ್ತದೆ, ಗ್ರೀಸಿನ ಮೇಲೆ ಕೆಂಪು ಧೂಳು ಕೂತಿರುತ್ತದೆ. ಬಂಡಿಯು ಭಾರದಿಂದ ಜಗ್ಗುವಾಗ ಲೋಹಕ್ಕೆ ಲೋಹ ಒತ್ತಿ ದೀಪವು ಉರಿಯುವುದು. ಇಳಿಜಾರಿನಲ್ಲಿ ಬಂಡಿಯು ಮುಂದಕ್ಕೆ ಸರಿದು ಮೊಳೆಯು ಸಡಿಲಾದೊಡನೆ ದೀಪವು ಹೋಗುವುದು. ಮನೆಯ ಅಂಗಳದಲ್ಲಿ ನಿಲ್ಲಿಸಿ ನೋಡಿದಾಗ ಎಲ್ಲವೂ ಸರಿ, ರಸ್ತೆಗೆ ಇಳಿದರೆ ಕೆಡುತ್ತದೆ ಎಂಬ ದೂರಿಗೆ ಬಹಳ ಮಟ್ಟಿಗೆ ಇದೇ ಉತ್ತರ. ನಾಲ್ಕು ಗಾಲಿಯ ಬಂಡಿಗಳಲ್ಲಿ ಇನ್ನೊಂದು ಸಂದೇಹಸ್ಥಾನವುಂಟು: ಮುಂದಿನ ಗಾಲಿಗಳು ತಿರುಗುವ ಬಟ್ಟಲು. ಅಲ್ಲಿಯೂ ಗ್ರೀಸು, ಅಲ್ಲಿಯೂ ಧೂಳು. ಮೇಲಾಗಿ ದೀಪದ ತಂತಿಗಳೆಲ್ಲ ಅದೇ ಬಟ್ಟಲಿನ ಬದಿಯಿಂದ ಹಾದುಹೋಗುವುದರಿಂದ ಪ್ರತಿಯೊಂದು ತಿರುವಿನಲ್ಲಿಯೂ ತಿಕ್ಕಾಟಕ್ಕೆ ಸಿಕ್ಕಿ ಒಂದೊಂದೇ ಎಳೆಯಾಗಿ ಸವೆಯುತ್ತಿರುತ್ತವೆ. ಮೂರನೆಯ ಸ್ಥಾನವು ದೀಪವನ್ನು ಮೈಗೆ ಬಿಗಿದ ತಿರುಪು. ಹೊಸ ಹಂಗಾಮಿಗೆ ಮುಂಚೆ ಬಂಡಿಗೆ ಬಣ್ಣ ಹೊಡೆಸುವುದು ಒಳ್ಳೆಯ ರೂಢಿಯೇ. ಆದರೆ ಬಣ್ಣದ ಮೇಲೆಯೇ ತಿರುಪನ್ನು ಬಿಗಿದರೆ ಅಂದವಾದ ಬಂಡಿಗೆ ಕುರುಡು ಕಣ್ಣುಗಳನ್ನು ಇಟ್ಟಂತಾಯಿತು. ತಿರುಪಿನ ಸುತ್ತಣ ಬೆರಳಗಲದ ಜಾಗವನ್ನು ಉಪ್ಪುಕಾಗದದಿಂದ ಹೊಳೆಯುವಂತೆ ತಿಕ್ಕಿ, ಬಿಗಿದು, ಆಮೇಲೆ ನೀರು ಹೊಗದಂತೆ ಸ್ವಲ್ಪ ವ್ಯಾಸಲೀನನ್ನು ಸವರಬೇಕು. ಮೊದಲು ಸವರಿ ಆಮೇಲೆ ಬಿಗಿಯಬಾರದು.

ಇವೆಲ್ಲಕ್ಕೂ ಸೇರಿ ಒಂದೇ ಖಾಯಂ ಪರಿಹಾರವಿದೆ. ಪ್ಲಗ್ಗಿನಿಂದ ಹಿಂದಿನ ಪ್ರತಿಯೊಂದು ದೀಪದ ತನಕ ಒಂದು ಪ್ರತ್ಯೇಕವಾದ ದಪ್ಪ ಮರುತಂತಿಯನ್ನು ಎಳೆಯಿಸಿಬಿಡುವುದು. ಕೊಂಡಿಯನ್ನೂ ಬಟ್ಟಲನ್ನೂ ನಂಬುವ ಕಷ್ಟವೇ ಇರುವುದಿಲ್ಲ. ಇದಕ್ಕೆ ತಗಲುವ ತಂತಿಯ ಬೆಲೆಯು ಒಂದು ಗಾಲಿಯ ಬೆಲೆಯ ಮುಂದೆ ಏನೂ ಅಲ್ಲ.

ಇನ್ನು ಪ್ಲಗ್ಗಿನ ವಿಚಾರ. ಟ್ರಾಕ್ಟರಿನ ಹಿಂದೆ ದುಂಡಗಿನ, ಮುಚ್ಚಳವುಳ್ಳ, ಏಳು ಕಡ್ಡಿಗಳ ಒಂದು ಕೂಡಿಕೆಯಿರುತ್ತದೆ. ಅಂತರರಾಷ್ಟ್ರೀಯ ಪದ್ಧತಿಯ ಪ್ರಕಾರ ಅದರ ೧ನೆಯದು ಎಡ ಸೂಚಕ, ೪ನೆಯದು ಬಲ ಸೂಚಕ, ೫ ಮತ್ತು ೭ನೆಯವು ಬಲ ಮತ್ತು ಎಡ ಬದಿಯ ಕೆಂಪು ದೀಪಗಳು, ೬ನೆಯದು ಬ್ರೇಕುದೀಪ, ೨ನೆಯದು ಮಂಜಿನ ದೀಪ. ನಮ್ಮ ಮರುದಾರಿಯು ೩ನೆಯದು. ಅಂಕೆಗಳನ್ನು ಕಡ್ಡಿಯ ಬದಿಗೆ ಸಣ್ಣದಾಗಿ ಕೊರೆದಿರುತ್ತಾರೆ. ತಂತಿಗಳಿಗೂ ಗೊತ್ತಾದ ಬಣ್ಣಗಳುಂಟು, ಮರುತಂತಿಯು ಬಿಳಿಯದು. ಆದರೆ ಊರಿನ ಬೆಸುಗೆಯ ಅಂಗಡಿಯಲ್ಲಿ ತಯಾರಾದ ಬಂಡಿಯಲ್ಲಿ ಕೈಗೆ ಸಿಕ್ಕ ಬಣ್ಣವೇ ಬಣ್ಣವಾದುದರಿಂದ ಬಣ್ಣವನ್ನು ನಂಬದೆ ಅಂಕೆಯನ್ನು ನಂಬುವುದೇ ಜಾಣತನ.

ದೋಷವು ಟ್ರಾಕ್ಟರಿನಲ್ಲಿದೆಯೋ ಬಂಡಿಯಲ್ಲಿದೆಯೋ ಎಂಬುದನ್ನು ಮೊದಲು ಬೇರ್ಪಡಿಸಿಕೊಳ್ಳಬೇಕು. ಇದಕ್ಕೆ ಮನೆಯಲ್ಲಿಯೇ ಒಂದು ಪರೀಕ್ಷಾದೀಪವನ್ನು ಮಾಡಿಕೊಳ್ಳಬಹುದು. ಒಂದು ಹೋಲ್ಡರಿಗೆ ೧೨ ವೋಲ್ಟಿನ ಬಲ್ಬನ್ನು ಹಾಕಿ ಅದಕ್ಕೆ ಎರಡು ಮಾರು ತಂತಿಯನ್ನು ಜೋಡಿಸಿ, ಒಂದರ ತುದಿಗೆ ಕಚ್ಚುವ ಕ್ಲಿಪ್ಪನ್ನೂ ಇನ್ನೊಂದರ ತುದಿಗೆ ದಬ್ಬಣದಂತಹ ಮೊನೆಯನ್ನೂ ಕಟ್ಟಿದರೆ ಆಯಿತು. ೫ ವ್ಯಾಟಿನ ಬಲ್ಬಿಗಿಂತ ೨೧ ವ್ಯಾಟಿನದು ಮೇಲು. ಹತ್ತೆಳೆಗಳಲ್ಲಿ ಒಂಬತ್ತು ಸವೆದು ಒಂದೇ ಎಳೆಯುಳಿದ ತಂತಿಯು ಚಿಕ್ಕ ಬಲ್ಬನ್ನು ಹೇಗೋ ಉರಿಸಿಬಿಡುವುದು, ನಮಗೆ ಎಲ್ಲವೂ ಸರಿಯಾಗಿದೆಯೆಂಬ ಭ್ರಮೆಯಾಗುವುದು; ದೊಡ್ಡ ಬಲ್ಬಿನ ಮುಂದೆ ಅಂತಹ ತಂತಿಯ ಬಣ್ಣವು ಬಯಲಾಗುವುದು. ಬಂಡಿಯ ಪ್ಲಗ್ಗನ್ನು ಕಳಚಿಟ್ಟು, ಟ್ರಾಕ್ಟರಿನ ಕೂಡಿಕೆಯ ೩ನೆಯ ಕಡ್ಡಿಗೆ ಕ್ಲಿಪ್ಪನ್ನು ಕಚ್ಚಿಸಿ, ಮನೆಯವರೊಬ್ಬರನ್ನು ಆಸನದ ಮೇಲೆ ಕೂಡಿಸಿ, ಒಂದೊಂದೇ ಗುಂಡಿಯನ್ನು ಹಾಕಿಸುತ್ತ ಉಳಿದ ಕಡ್ಡಿಗಳನ್ನು ಮುಟ್ಟಿ ನೋಡುವುದು. ಎಲ್ಲವೂ ಬೆಳಗಿದರೆ ಟ್ರಾಕ್ಟರು ನಿರ್ದೋಷಿ. ಕ್ಲಿಪ್ಪನ್ನು ಟ್ರಾಕ್ಟರಿನ ಲೋಹಕ್ಕೆ ಕಚ್ಚಿಸಿದಾಗ ಬೆಳಗಿ ೩ನೆಯ ಕಡ್ಡಿಗೆ ಕಚ್ಚಿಸಿದಾಗ ಬೆಳಗದಿದ್ದರೆ ಟ್ರಾಕ್ಟರಿನ ಕಡೆಯ ಮರುತಂತಿಯೇ ಕಡಿದಿದೆಯೆಂದು ತಿಳಿಯಬೇಕು. ಈ ಕೆಲಸಕ್ಕೆ ಇಬ್ಬರು ಬೇಕು. ಹಿಂದೆ ನಿಂತು ಯಾವ ದೀಪ ಬಂತು, ಯಾವುದು ಹೋಯಿತೆಂದು ಕೂಗಿ ಹೇಳುವುದಕ್ಕೆ ಮನೆಯ ಮಕ್ಕಳಿಗಿಂತ ಉತ್ಸಾಹಿಗಳು ಸಿಗಲಾರರು. ಗಾಲಿಗಳಿಗೆ ಕಲ್ಲು ಕೊಟ್ಟು, ಎಂಜಿನ್ನನ್ನು ನಿಲ್ಲಿಸಿ, ಕೀಲಿಯನ್ನು ಮಾತ್ರ ತಿರುಗಿಸಿಟ್ಟು ಈ ಪರೀಕ್ಷೆಯನ್ನು ಮಾಡಬೇಕೆಂಬುದನ್ನು ಒತ್ತಿ ಹೇಳುತ್ತೇವೆ. ಸಣ್ಣ ಮಕ್ಕಳನ್ನು ಟ್ರಾಕ್ಟರಿಗೂ ಬಂಡಿಗೂ ನಡುವಣ ಸಂದಿಯಲ್ಲಿ ಎಂದಿಗೂ ನಿಲ್ಲಗೊಡಬಾರದು.

ಬ್ರೇಕುದೀಪವೊಂದೇ ತಕರಾರು ಮಾಡುತ್ತಿದ್ದರೆ ತಂತಿಯನ್ನು ಹರಿಯುವ ಮುಂಚೆ ಕಾಲಿನ ಕಡೆಗೆ ನೋಡಬೇಕು. ಹೊಲದಲ್ಲಿ ಒಂದೇ ಬದಿಗೆ ತಿರುಗಿಸಲು ಅನುಕೂಲವಾಗಲೆಂದು ಟ್ರಾಕ್ಟರಿಗೆ ಎಡಕ್ಕೊಂದು ಬಲಕ್ಕೊಂದು ಹೀಗೆ ಎರಡು ಬ್ರೇಕುಗಳಿರುತ್ತವೆ. ಕೆಲವು ಟ್ರಾಕ್ಟರುಗಳಲ್ಲಿ ದೀಪದ ಗುಂಡಿಯನ್ನು ಅವುಗಳಲ್ಲಿ ಒಂದಕ್ಕೆ ಮಾತ್ರ ಸಿಕ್ಕಿಸಿರುತ್ತಾರೆ. ರಸ್ತೆಗೆ ಇಳಿಯುವಾಗ ಎರಡನ್ನೂ ಕೂಡಿಸುವ ಅಗುಳಿಯನ್ನು ಹಾಕದಿದ್ದರೆ ದೀಪವು ಹತ್ತದಿರಬಹುದು. ಅದಕ್ಕಿಂತ ಹೆಚ್ಚಿನ ಅಪಾಯವೆಂದರೆ ತುಂಬಿದ ಬಂಡಿಯೊಡನೆ ಟ್ರಾಕ್ಟರು ಒಂದು ಬದಿಗೆ ಎಳೆದು ಮಗುಚೀತು. ದೀಪವನ್ನು ಹುಡುಕಲು ಹೋಗಿ ಪ್ರಾಣವನ್ನುಳಿಸಿಕೊಂಡಂತೆ ಇದು.

ಬಲ್ಬಿನ ಮಾತನ್ನೂ ಇಲ್ಲಿಯೇ ಮುಗಿಸಿಬಿಡೋಣ. ಕೆಂಪು ದೀಪಕ್ಕೂ ಬ್ರೇಕಿಗೂ ಸೇರಿ ಸಾಮಾನ್ಯವಾಗಿ ಒಂದೇ ಬಲ್ಬಿನಲ್ಲಿ ೫ ಮತ್ತು ೨೧ ವ್ಯಾಟಿನ ಎರಡು ಎಳೆಗಳಿರುತ್ತವೆ. ಅದು ತಿರುವುಮುರುವಾಗಿ ಕೂಡದಿರಲೆಂದು ಅದರ ಕಿವಿಗಳನ್ನು ಏರುಪೇರಾಗಿ ಮಾಡಿರುತ್ತಾರೆ. ಸವೆದ ಹೋಲ್ಡರಿನಲ್ಲಿ ಬಲವಂತದಿಂದ ತಿರುಚಿ ಕೂಡಿಸಿದರೆ ಎಳೆಗಳು ಅದಲುಬದಲಾಗುವುವು. ಸದಾ ಕಾಲ ಬ್ರೇಕು ಒತ್ತಿದಂತೆ ಪ್ರಖರವಾಗಿ ಉರಿದು, ನಿಜವಾಗಿ ಒತ್ತಿದಾಗ ಬೆಳಕಿನಲ್ಲಿ ವ್ಯತ್ಯಾಸವೇ ತೋರದು. ಈಚೆಗೆ ಎಲ್.ಇ.ಡಿ. ದೀಪಗಳು ಬಂದಿವೆ. ಅವು ಕುಡಿಯುವ ವಿದ್ಯುತ್ತು ಅತ್ಯಲ್ಪ, ಕುಲುಕಾಟಕ್ಕೆ ಎಳೆ ಕಡಿಯುವ ಭಯವಿಲ್ಲ; ಬಂಡಿಗೆ ಅವೇ ಯೋಗ್ಯವೆಂದು ನಮ್ಮ ಅಭಿಪ್ರಾಯ. ಧನ ಋಣಗಳನ್ನು ತಪ್ಪಿಸಿ ಜೋಡಿಸಿದರೆ ಅವು ಉರಿಯವು, ಮತ್ತು ಹಳೆಯ ಸೂಚಕದ ಪೆಟ್ಟಿಗೆಯು ಇಷ್ಟು ಅಲ್ಪ ಹೊರೆಯನ್ನು ಕಂಡು ಬಲ್ಬು ಹೋಗಿದೆಯೆಂದು ತಿಳಿದು ತನ್ನ ತಾಳವನ್ನು ಕೆಡಿಸಿಕೊಳ್ಳುವುದು. ಎರಡಕ್ಕೂ ಪರಿಹಾರವು ಸುಲಭ. ಆದರೆ ಎಲ್.ಇ.ಡಿ.ಗೂ ಮರುದಾರಿಯು ಬೇಕೇ ಬೇಕು.

ಒಂದು ಟ್ರಾಕ್ಟರಿನ ಹಿಂದೆ ಎರಡು ಬಂಡಿಗಳನ್ನು ಕಟ್ಟಿ ಕಬ್ಬನ್ನು ಸಾಗಿಸುವ ರೂಢಿಯು ನಮ್ಮಲ್ಲಿ ಬೆಳೆದಿದೆ. ಹಿಂದಿನಿಂದ ಬರುವವನಿಗೆ ಮೊದಲನೆಯ ಬಂಡಿಯ ದೀಪದಿಂದ ಏನು ಪ್ರಯೋಜನ? ಎರಡನೆಯದರ ಬೆನ್ನಿನಲ್ಲಿಯೇ ದೀಪವಿರಬೇಕು. ಅಲ್ಲಿಯ ತನಕ ಮನೆಯ ಗಂಟೆಗೆ ಬಳಸುವಂತಹ ಸಪುರ ತಂತಿಯನ್ನು ಎಳೆದಿರುತ್ತಾರೆ. ದೀಪವು ಉರಿದರೂ ಕಳೆಗುಂದಿರುತ್ತದೆ. ಅರ್ಧ ಚದರ ಮಿಲಿಮೀಟರು ದಪ್ಪದ ತಾಮ್ರದ ತಂತಿಯು ಹನ್ನೆರಡು ಮೀಟರು ಹೋಗುವಷ್ಟರಲ್ಲಿ ಎರಡು ಬ್ರೇಕುದೀಪಗಳ ಹೊರೆಗೆ ಸುಮಾರು ಒಂದೂವರೆ ವೋಲ್ಟನ್ನು ತಾನೇ ತಿಂದುಬಿಡುವುದು. ವೋಲ್ಟು ಹನ್ನೆರಡರಿಂದ ಹತ್ತೂವರೆಗೆ ಇಳಿದರೆ ಬೆಳಕು ಅದೇ ಪ್ರಮಾಣದಲ್ಲಿ ಇಳಿಯುವುದಿಲ್ಲ, ಮೂರರಲ್ಲೊಂದು ಪಾಲಿನಷ್ಟು ಬಿದ್ದುಹೋಗುವುದು. ಒಂದೂವರೆ ಚದರ ಮಿಲಿಮೀಟರಿನ ತಂತಿಯಾದರೆ ನಷ್ಟವು ಅರ್ಧ ವೋಲ್ಟು ಮಾತ್ರ. ಮರುತಂತಿಯಾದರೋ ಎಲ್ಲ ದೀಪಗಳ ಹೊರೆಯನ್ನೂ ಒಟ್ಟಿಗೆ ಹೊರುವುದರಿಂದ ಇನ್ನೂ ದಪ್ಪವಾಗಿದ್ದಷ್ಟು ಒಳ್ಳೆಯದು.

ಫ್ಯೂಜಿನ ವಿಷಯದಲ್ಲಿ ಗೃಹಸ್ಥರು ಸ್ವಲ್ಪ ನಿಷ್ಠುರರಾಗಿರಬೇಕು. ಫ್ಯೂಜು ಪದೇಪದೇ ಹೋಗುತ್ತದೆಂದು ಅದರ ಜಾಗದಲ್ಲಿ ಸಿಗರೇಟಿನ ಬೇಗಡೆಯನ್ನೋ ಮೊಳೆಯನ್ನೋ ಸಿಕ್ಕಿಸುವ ಚಾಲಕರಿದ್ದಾರೆ. ಎಲ್ಲಿಯೋ ತಂತಿಯ ಚರ್ಮವು ಹರಿದು ಮೈಗೆ ತಗಲುತ್ತಿದೆಯೆಂದು ಫ್ಯೂಜು ಹೇಳುತ್ತಿರುತ್ತದೆ. ಹೇಳುವ ಬಾಯಿಯನ್ನು ಮುಚ್ಚಿದರೆ ತಂತಿಯೇ ಕೆಂಡವಾಗುವುದು, ಮತ್ತು ಆ ಕೆಂಡದ ಸುತ್ತ ಒಣಗಿದ ಕಬ್ಬಿನ ರವದಿಯಿರುವುದು. ತಗಲುವ ಸ್ಥಳವನ್ನು ಕಂಡುಹಿಡಿಯುವುದಕ್ಕೆ ಒಂದು ಒಳ್ಳೆಯ ಉಪಾಯವುಂಟು. ಫ್ಯೂಜಿನ ಎರಡು ತುದಿಗಳ ನಡುವೆ ಹಳೆಯ ಮುಂದೀಪದ ೫೫ ವ್ಯಾಟಿನ ಬಲ್ಬನ್ನು ತಂತಿಗಳಿಂದ ಜೋಡಿಸುವುದು. ಅದು ಐದು ಆಂಪಿಯರಿಗಿಂತ ಹೆಚ್ಚು ಪ್ರವಾಹವನ್ನು ಬಿಡದಾದುದರಿಂದ ಏನೂ ಸುಡುವುದಿಲ್ಲ. ತಂತಿಯು ಮೈಗೆ ತಗಲಿರುವ ತನಕ ಆ ಬಲ್ಬು ಪೂರ್ತಿಯಾಗಿ ಉರಿಯುತ್ತಿರುವುದು. ಈಗ ಪ್ಲಗ್ಗಿನಿಂದ ಹಿಡಿದು ಹಿಂದಕ್ಕೆ ತಂತಿಯನ್ನು ಗೇಣುಗೇಣಾಗಿ ಅಲುಗಿಸುತ್ತ ಹೋಗಬೇಕು. ಎಲ್ಲಿ ಅಲುಗಿಸಿದಾಗ ಬಲ್ಬು ಮಂಕಾಗುವುದೋ ಅಲ್ಲಿಯೇ ಕಳ್ಳನಿದ್ದಾನೆ. ತಿರುವಿನಲ್ಲಿ ಮಾತ್ರ ಫ್ಯೂಜು ಹೋಗುವ ಬಂಡಿಯಾದರೆ ನೇರವಾಗಿ ತಿರುಗುವ ಬಟ್ಟಲಿನ ಕಡೆಗೇ ಹೋಗಬಹುದು. ಬಲ್ಬು ಬಹಳ ಕಾಯುವುದರಿಂದ ಅದನ್ನು ರವದಿಯ ಮೇಲಾಗಲಿ ಪ್ಲಾಸ್ಟಿಕ್ಕಿನ ಮೇಲಾಗಲಿ ಇಡಬಾರದು.

ಈ ತೊಂದರೆಗಳು ನಮ್ಮ ಹಳಿಯಾಳಕ್ಕೆ ಮಾತ್ರ ಮೀಸಲಾದವುಗಳೆಂದು ಯಾರೂ ನೊಂದುಕೊಳ್ಳಬೇಕಾಗಿಲ್ಲ. ಅಮೇರಿಕದಲ್ಲಿ ಮನೆಯನ್ನೇ ಗಾಲಿಗಳ ಮೇಲೆ ಕಟ್ಟಿಕೊಂಡು ಊರೂರು ತಿರುಗುವವರು ಆ ಮನೆವಾಹನದ ಹಿಂದೆ ಒಂದು ಚಿಕ್ಕ ಕಾರನ್ನೋ ಬಂಡಿಯನ್ನೋ ಕಟ್ಟಿಕೊಂಡು ಹೋಗುತ್ತಾರೆ. ಅಲ್ಲಿ ಎಷ್ಟೋ ಬಂಡಿಗಳಲ್ಲಿ ಬ್ರೇಕಿಗೂ ಸೂಚಕಕ್ಕೂ ಒಂದೇ ಎಳೆಯು ಕೆಲಸ ಮಾಡುವುದರಿಂದ ಎರಡನ್ನೂ ಕೂಡಿಸುವ ಪೆಟ್ಟಿಗೆಯೊಂದು ನಡುವೆ ಬೇಕಾಗುತ್ತದೆ, ಅದರ ರೋಗಗಳೇ ಬೇರೆ. ಆದರೆ ಲಕ್ಷಗಟ್ಟಲೆ ಹಣದ ಆ ಮನೆವಾಹನದ ಹಿಂದೆಯೂ ದೀಪವು ಭೂತದಂತೆ ಮಿಣುಕಿದಾಗ ಅಲ್ಲಿಯ ಮಿಸ್ತ್ರಿಯು ಮೊದಲು ಮುಟ್ಟಿ ನೋಡುವುದು ಅದೇ ಬಿಳಿಯ ಮರುತಂತಿಯನ್ನು.

ದೀಪವು ಸರಿಯಾದ ಮೇಲೆ ಅದು ಕಾಣುವಂತಿರಬೇಕಷ್ಟೆ. ಕಬ್ಬನ್ನು ಬಂಡಿಯ ಅಂಚಿನಿಂದಾಚೆಗೆ ಮಾರುದ್ದ ಹೊರಚಾಚಿ ಹೇರುವುದರಿಂದ ಅದರ ಜೋತುಬಿದ್ದ ಸೋಗೆಯು ದೀಪವನ್ನು ಪರದೆಯಂತೆ ಮುಚ್ಚಿಬಿಡುತ್ತದೆ. ಆದುದರಿಂದ ದೀಪಗಳನ್ನು ಮೈಗೆ ಬಿಗಿಯುವ ಬದಲು ಕಬ್ಬಿಣದ ಒಂದು ಅಡ್ಡಪಟ್ಟಿಗೆ ಬಿಗಿದು, ಹೊರೆಯನ್ನು ಹೇರಿದ ಮೇಲೆ ಆ ಪಟ್ಟಿಯನ್ನು ಹೊರೆಯ ಹಿಂತುದಿಗೆ ಕಟ್ಟುವಂತೆ ಮಾಡಿಕೊಂಡರೆ ಉತ್ತಮ. ಹೊರೆ ಇಳಿಸುವಾಗಲೂ ದೀಪಗಳು ನಜ್ಜುಗುಜ್ಜಾಗದೆ ಉಳಿಯುವುವು. ಇದರ ಜೊತೆಗೆ ಕೆಂಪು ಪ್ರತಿಫಲಕಗಳೂ ಹೊಳೆಯುವ ಪಟ್ಟಿಗಳೂ ಇರಲೇಬೇಕು. ಅವುಗಳಿಗೆ ಬ್ಯಾಟರಿಯಿಲ್ಲ, ತಂತಿಯಿಲ್ಲ; ಹಿಂದಿನವನ ಬೆಳಕನ್ನೇ ಅವನಿಗೆ ಮರಳಿಸುವುವು. ಗಾಲಿ ಸಿಡಿದು ಬಂಡಿಯು ನಡುರಾತ್ರಿ ದಾರಿಯಲ್ಲಿ ನಿಂತಾಗ, ಟ್ರಾಕ್ಟರನ್ನು ಕಳಚಿಕೊಂಡು ಊರಿಗೆ ಹೋದಾಗ, ಬಂಡಿಯ ದೀಪಗಳು ಸಹಜವಾಗಿಯೇ ಆರಿರುತ್ತವೆ. ಆಗ ಕಾಯುವುದು ಈ ಪ್ರತಿಫಲಕಗಳೇ. ಹಿಂದೆ ಮರದ ರೆಂಬೆಯನ್ನೂ ಕಲ್ಲುಗಳನ್ನೂ ಇಟ್ಟು ಎಚ್ಚರಿಸುವುದು ನಮ್ಮ ಚಾಲಕರ ವಾಡಿಕೆ. ಬೆಳಗಾಗಿ ಬಂಡಿಯನ್ನು ಎಳೆದುಕೊಂಡು ಹೋಗುವಾಗ ಆ ಕಲ್ಲುಗಳನ್ನು ಅಲ್ಲಿಯೇ ಬಿಟ್ಟುಹೋಗುವುದೂ ವಾಡಿಕೆಯೇ ಆಗಿರುವುದು ವಿಷಾದದ ಸಂಗತಿ.

ಈ ಪರೀಕ್ಷೆಗೆಲ್ಲ ತಕ್ಕ ಕಾಲವು ಹಂಗಾಮು ಮೊದಲಾಗುವುದಕ್ಕೆ ಮುಂಚಿನ ಹದಿನೈದು ದಿನಗಳು. ಮಲೆನಾಡಿನ ಅಂಚಿನ ನಮ್ಮ ಮಳೆಗಾಲವು ಬಯಲುನಾಡಿನ ಮಳೆಗಾಲದಂತಲ್ಲ; ಜೋಯಿಡಾದಲ್ಲಿಯೂ ದಾಂಡೇಲಿಯಲ್ಲಿಯೂ ತಿಂಗಳುಗಟ್ಟಲೆ ಗಾಳಿಯೇ ಒದ್ದೆಯಾಗಿರುತ್ತದೆ. ಕೆಲಸವಿಲ್ಲದೆ ನಿಂತ ಬಂಡಿಯ ಪ್ಲಗ್ಗಿನ ಹಿತ್ತಾಳೆಯು ಆ ನಾಲ್ಕು ತಿಂಗಳುಗಳಲ್ಲಿ ಹಸಿರು ಕಿಲುಬು ಹಿಡಿಯುವುದು, ಬರಿಯ ತಂತಿಗಳನ್ನು ಹೊಸೆದು ಮೇಲೆ ಅಂಟುಪಟ್ಟಿ ಸುತ್ತಿದ ಗಂಟುಗಳೊಳಗೆ ನೀರು ಇಳಿದು ತಾಮ್ರವು ಕಪ್ಪಾಗುವುದು, ಇಲಿಗಳು ತಂತಿಯ ಮೃದುವಾದ ಚರ್ಮವನ್ನು ಕಡಿಯುವುವು. ಆದುದರಿಂದ ಗಂಟುಗಳನ್ನು ಹೊಸೆಯದೆ ಬೆಸೆಯಿಸಬೇಕು. ಕಡೆಯ ಹೊರೆಯನ್ನು ಇಳಿಸಿ ಬಂಡಿಯನ್ನು ಮಾಡದೊಳಗೆ ನಿಲ್ಲಿಸುವ ದಿನ ಪ್ಲಗ್ಗನ್ನು ಕಳಚಿ, ಕಡ್ಡಿಗಳನ್ನು ಒಣಬಟ್ಟೆಯಿಂದ ಒರೆಸಿ ತೆಳ್ಳಗೆ ವ್ಯಾಸಲೀನು ಸವರಿ, ನೆಲದ ಮೇಲೆ ಬಿಸಾಡದೆ, ಹಳೆಯ ಪ್ಲಾಸ್ಟಿಕ್ಕಿನ ಡಬ್ಬಿಯೊಂದನ್ನು ತೊಡಿಸಿ, ಒಳಗೆ ನೀರು ನಿಲ್ಲದಂತೆ ಬಾಯಿ ಕೆಳಗಾಗಿ ಬಂಡಿಯ ಮೂಕಿಗೆ ಕಟ್ಟಿಡಬೇಕು.